ಹಳೇ ಕಂಪ್ಯೂಟರ್‌ಗೆ ದುಡ್ಡು ಹಾಕಬೇಕಾ, ಹೊಸದು ತಗೋಬೇಕಾ?

ಮೇ ತಿಂಗಳು ಬಂತೆಂದರೆ ದಾವಣಗೆರೆಯಲ್ಲಿ ನನಗೆ ಬರುವ ಫೋನ್‌ಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ. ಮಗನ ಪಿಯು ಮುಗೀತು, ಮಗಳಿಗೆ ಡಿಪ್ಲೊಮಾ ಸೀಟು ಸಿಕ್ತು, ಮನೇಲಿರೋ ಕಂಪ್ಯೂಟರ್ ವಿಪರೀತ ಸ್ಲೋ, ಅಂಗಡಿಯವರು "ಸರ್, ಈ ಬೋರ್ಡಿಗೆ ಈಗ ಪಾರ್ಟ್ಸೇ ಸಿಗಲ್ಲ, ಹೊಸದೇ ತಗೊಂಡ್ಬಿಡಿ" ಅಂತಾರೆ, ಏನ್ ಮಾಡೋದು ಹೇಳಿ? ನಾನು ಅಂಗಡಿ ಇಟ್ಟವನಲ್ಲ. ಪಿ.ಬಿ. ರಸ್ತೆಯ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುತ್ತೇನೆ, ಬಿಡುವಿದ್ದಾಗ ನೆಂಟರ, ಅಕ್ಕಪಕ್ಕದವರ ಕಂಪ್ಯೂಟರ್ ಬಿಚ್ಚಿ ನೋಡುತ್ತೇನೆ. ಆ ಅನುಭವದಿಂದ ಹೇಳುವುದು ಇಷ್ಟೇ: ಜೇಬಿಗೆ ಕೈ ಹಾಕುವ ಮುಂಚೆ ಆ ಕಂಪ್ಯೂಟರ್ ಎಲ್ಲಿ ತಡೆದು ನಿಲ್ಲುತ್ತಿದೆ ಅಂತ ನೋಡಿ. ತಡೆ ಇರುವ ಜಾಗಕ್ಕೆ ಮಾತ್ರ ದುಡ್ಡು ಹಾಕಿ. ಆ ಜಾಗಕ್ಕೆ ದುಡ್ಡು ಹಾಕಿಯೂ ಪ್ರಯೋಜನ ಇಲ್ಲ ಅಂತ ಗೊತ್ತಾದರೆ ಒಂದು ರೂಪಾಯಿಯನ್ನೂ ಹಾಕಬೇಡಿ.

ನೋಡುವುದು ಕಷ್ಟವೇನಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದನ್ನು ತೆರೆದಿಟ್ಟುಕೊಂಡೇ ನಿಮ್ಮ ದಿನದ ಕೆಲಸ ಮಾಡಿ, ಅಂದರೆ ಬ್ರೌಸರ್ ತೆರೆಯಿರಿ, ಟ್ಯಾಲಿ ತೆರೆಯಿರಿ, ಮಕ್ಕಳ ಆನ್‌ಲೈನ್ ಕ್ಲಾಸ್ ಹಾಕಿ, ಯಾವುದು ನಿಮಗೆ ಕಿರಿಕಿರಿ ಮಾಡುತ್ತದೋ ಅದನ್ನೇ ಮಾಡಿ. ಕಂಪ್ಯೂಟರ್ ತಡವರಿಸುವ ಹೊತ್ತಿಗೆ ಯಾವ ಕಾಲಂ ತುಂಬಿದೆ ನೋಡಿ. ಸಿಪಿಯು, ಅಂದರೆ ಪ್ರೊಸೆಸರ್, ಆರಾಮಾಗಿ ಶೇಕಡಾ 20ರಲ್ಲಿ ಇದ್ದು ಡಿಸ್ಕ್ ಮಾತ್ರ 100ಕ್ಕೆ ಹೋಗಿ ಅಲ್ಲೇ ಕೂತಿದ್ದರೆ ತಪ್ಪು ಪ್ರೊಸೆಸರ್‌ದಲ್ಲ. ನಾನು ನೋಡುವ ಹಳೇ ಡೆಸ್ಕ್‌ಟಾಪ್‌ಗಳಲ್ಲಿ ಹೆಚ್ಚಿನವು ಹೀಗೇ ಇರುತ್ತವೆ. ಒಳಗೆ ಇನ್ನೂ ಹಾರ್ಡ್ ಡಿಸ್ಕ್ ತಿರುಗುತ್ತಿರುತ್ತದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮ ಜನ ಅತಿ ಹೆಚ್ಚು ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಹಾರ್ಡ್ ಡಿಸ್ಕ್ ಅಂದರೆ ಒಳಗೆ ತಟ್ಟೆ ತಿರುಗುತ್ತದೆ, ಮೇಲೆ ಒಂದು ಸಣ್ಣ ಕೈ ಓಡಾಡುತ್ತದೆ. ಡೆಸ್ಕ್‌ಟಾಪ್ ಡಿಸ್ಕ್ ನಿಮಿಷಕ್ಕೆ 7200 ಸುತ್ತು ತಿರುಗಿದರೂ, ಬೇಕಾದ ಜಾಗಕ್ಕೆ ಆ ಕೈ ಹೋಗಿ, ತಟ್ಟೆ ತಿರುಗಿ ಕೆಳಗೆ ಬರೋ ತನಕ ಹತ್ತು ಹದಿನೈದು ಮಿಲಿಸೆಕೆಂಡ್ ಬೇಕು. ಹಾಗಾಗಿ ಚದುರಿ ಬಿದ್ದ ಸಣ್ಣ ಫೈಲ್‌ಗಳನ್ನು ಅದು ಸೆಕೆಂಡಿಗೆ ಸುಮಾರು ನೂರು ಸಲ ಮಾತ್ರ ಹುಡುಕಿ ತರಬಲ್ಲದು. ಒಂದು ದೊಡ್ಡ ಸಿನಿಮಾ ಫೈಲ್ ಓದುವಾಗ ಸೆಕೆಂಡಿಗೆ 100 ಎಂಬಿಗಿಂತ ಜಾಸ್ತಿ ಕೊಡುವ ಅದೇ ಡಿಸ್ಕ್, ವಿಂಡೋಸ್ ಶುರುವಾಗುವಾಗ ಸಾವಿರಾರು ಚಿಲ್ಲರೆ ಫೈಲ್ ಕೇಳಿದರೆ ಸೆಕೆಂಡಿಗೆ ಒಂದು ಎಂಬಿಗೆ ಇಳಿಯುತ್ತದೆ. ಅಡುಗೆ ಮಾಡುವವರು ಸಾಸಿವೆಗೆ ಒಂದು ಸಲ, ಮೆಣಸಿನಕಾಯಿಗೆ ಒಂದು ಸಲ, ಉಪ್ಪಿಗೆ ಮತ್ತೊಂದು ಸಲ ಹಿತ್ತಲ ಉಗ್ರಾಣಕ್ಕೆ ಓಡಾಡಿದ ಹಾಗೆ. ಅದರ ಬದಲು ಹಾಕುವ, ಚಿಪ್‌ನಲ್ಲೇ ಎಲ್ಲ ಇಟ್ಟುಕೊಳ್ಳುವ ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ಓಡಾಡುವ ಕೈಯೂ ಇಲ್ಲ. ಹಾರ್ಡ್ ಡಿಸ್ಕ್ ಚುಚ್ಚುವ ಸಾಟಾ ಪೋರ್ಟಿಗೇ ಚುಚ್ಚುವ ಸಾಧಾರಣ ಸಾಟಾ ಎಸ್‌ಎಸ್‌ಡಿ ಕೂಡ ಸೆಕೆಂಡಿಗೆ ಹತ್ತಾರು ಸಾವಿರ ಸಲ ಹುಡುಕಿ ಕೊಡುತ್ತದೆ.

ನಿಟುವಳ್ಳಿಯಲ್ಲಿ ನಮ್ಮ ಅಕ್ಕನ ಮನೆಯಲ್ಲಿ ಇಂಟೆಲ್‌ನ 4ನೇ ಜನರೇಷನ್ ಐ3 ಪ್ರೊಸೆಸರ್ ಇರುವ ಕಂಪ್ಯೂಟರ್ ಇದೆ. ಎಚ್81 ಮಾದರಿಯ ಬೋರ್ಡು (ಎಲ್ಲ ಪಾರ್ಟ್ಸ್ ಕೂರುವ ಮದರ್‌ಬೋರ್ಡು), 4 ಜಿಬಿ ರ್‍ಯಾಮ್ (ಕೆಲಸ ನಡೆಯುವಾಗ ಬಳಸುವ ಮೆಮೊರಿ), 500 ಜಿಬಿ ಹಾರ್ಡ್ ಡಿಸ್ಕ್. ಸ್ವಿಚ್ ಒತ್ತಿ ಟೀ ಇಟ್ಟು, ಟೀ ಕುಡಿದು ಬಂದರೂ ಡೆಸ್ಕ್‌ಟಾಪ್ ಪೂರ್ತಿ ಬಂದಿರುತ್ತಿರಲಿಲ್ಲ. "ಇದನ್ನ ಗುಜರಿಗೆ ಹಾಕೋದೇ ಸೈ ಕಣೋ" ಅಂದಿದ್ದಳು ಅಕ್ಕ. ಅದಕ್ಕೆ 256 ಜಿಬಿಯ ಸಾಟಾ ಎಸ್‌ಎಸ್‌ಡಿ ಹಾಕಿ, ಇನ್ನೊಂದು 4 ಜಿಬಿ ರ್‍ಯಾಮ್ ಸೇರಿಸಿದ ಮೇಲೆ ಅದೇ ಡಬ್ಬ, ಅದೇ ಪ್ರೊಸೆಸರ್, ಅರ್ಧ ನಿಮಿಷದೊಳಗೆ ಎದ್ದು ಕೂರುತ್ತದೆ. ಭಾವನ ಬಿಲ್ಲು, ಮಗಳ ಪ್ರಾಜೆಕ್ಟ್ ವರದಿ, ಯೂಟ್ಯೂಬ್ ಪಾಠ, ಎಲ್ಲ ಅದರಲ್ಲೇ. ಹಳೇ ಹಾರ್ಡ್ ಡಿಸ್ಕನ್ನು ಒಳಗೇ ಬಿಟ್ಟಿದ್ದೇನೆ, ಫೋಟೊ ವಿಡಿಯೊ ಇಡೋಕೆ.

ಒಂದೆರಡು ಎಚ್ಚರಿಕೆ ಇದೆ. ಅಷ್ಟು ಹಳೇ ಬೋರ್ಡಿಗೆ ಇನ್ನೂ ವೇಗದ ಎನ್‌ವಿಎಂಇ ಎಸ್‌ಎಸ್‌ಡಿ ಕೂರುವುದಿಲ್ಲ, ಅದಕ್ಕೆ ಬೇಕಾದ ಎಂ.2 ಸ್ಲಾಟೇ ಇರುವುದಿಲ್ಲ. 2.5 ಇಂಚಿನ ಸಾಟಾ ಎಸ್‌ಎಸ್‌ಡಿಯನ್ನೇ ಕೇಳಿ. ಎಚ್81ನಲ್ಲಿ ಎಲ್ಲ ಸಾಟಾ ಪೋರ್ಟೂ ಒಂದೇ ವೇಗದವಲ್ಲ, ಎರಡು ಮಾತ್ರ 6 ಜಿಬಿಪಿಎಸ್ (ಸೆಕೆಂಡಿಗೆ 6 ಗಿಗಾಬಿಟ್) ವೇಗದವು, ಎಸ್‌ಎಸ್‌ಡಿಯನ್ನು ಅವಕ್ಕೇ ಚುಚ್ಚಬೇಕು. ಇನ್ನೂ ಹಳೇ ಎಚ್61 ಬೋರ್ಡಾದರೆ ಎಲ್ಲವೂ 3 ಜಿಬಿಪಿಎಸ್. ಆಗ ಎಸ್‌ಎಸ್‌ಡಿಯ ಗರಿಷ್ಠ ವೇಗ ಅರ್ಧಕ್ಕೆ ಇಳಿಯುತ್ತದೆ ನಿಜ, ಆದರೂ ಹುಡುಕಾಟದ ಕಾಲ ಉಳಿಯುವುದರಿಂದ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ, ಹಾಗಾಗಿ ಅದಕ್ಕೂ ಹಾಕಬಹುದು. ಇನ್ನು ಹಳೇ ಡಿಸ್ಕ್ ಎಷ್ಟು ಗಟ್ಟಿ ಇದೆ ಅಂತ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ನೋಡಿ. ಹಳದಿ ಬಣ್ಣದಲ್ಲಿ 'ಕಾಷನ್' ಅಂತ ತೋರಿಸಿದರೆ ಬೇರೆಲ್ಲ ಕೆಲಸ ಬಿಟ್ಟು ಮೊದಲು ಫೋಟೊ, ದಾಖಲೆ ಎಲ್ಲ ಬೇರೆ ಕಡೆ ಕಾಪಿ ಮಾಡಿ. ಮದುವೆ ಫೋಟೊ ಹೋದರೆ ಯಾವ ಅಪ್‌ಗ್ರೇಡೂ ತಂದುಕೊಡುವುದಿಲ್ಲ.

ರ್‍ಯಾಮ್ ವಿಷಯಕ್ಕೆ ಬರೋಣ. ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಸದಾ 85, 90ರ ಮೇಲೇ ಇದ್ದರೆ ರ್‍ಯಾಮ್ ಸಾಲುತ್ತಿಲ್ಲ. ಇವತ್ತಿನ ಬ್ರೌಸರ್‌ಗಳಿಗೆ 4 ಜಿಬಿ ಸಾಕಾಗುವುದಿಲ್ಲ, 8 ಇದ್ದರೆ ಮನೆ ಕೆಲಸ ನಡೆಯುತ್ತದೆ, 16 ಇದ್ದರೆ ನೆಮ್ಮದಿ. ಅದಕ್ಕಿಂತ ಜಾಸ್ತಿ ಬೇಕಾಗುವುದು ವಿಡಿಯೊ ಎಡಿಟಿಂಗ್ ಥರದ ಕೆಲಸ ಮಾಡುವವರಿಗೆ. ತಗೊಳ್ಳುವ ಮುಂಚೆ ನಿಮ್ಮದು ಡಿಡಿಆರ್3ನಾ, ಡಿಡಿಆರ್4ನಾ ಅಂತ ನೋಡಲೇಬೇಕು, ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ, ಕಚ್ಚೇ ಬೇರೆ ಬೇರೆ ಕಡೆ ಇರುತ್ತದೆ. ಎರಡು ಸ್ಲಾಟ್ ಇದ್ದರೆ 8ರದ್ದು ಒಂದರ ಬದಲು 4ರವು ಎರಡು ಇರುವುದು ವಾಸಿ, ಎರಡೂ ದಾರಿಯಲ್ಲಿ ಒಟ್ಟಿಗೆ ಡೇಟಾ ಓಡಾಡುತ್ತದೆ, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಮನೆಯ ಕಂಪ್ಯೂಟರ್‌ಗಳಲ್ಲಿ ಇದರಿಂದ ಲಾಭ ಜಾಸ್ತಿ.

ಆದರೆ ಬೆಲೆ ಮಾತ್ರ ಕೆಟ್ಟಿದೆ. 2025ರ ದ್ವಿತೀಯಾರ್ಧದಿಂದ ರ್‍ಯಾಮ್ ಬೆಲೆ ಜಗತ್ತಿನಾದ್ಯಂತ ಏರಿತು. ಎಐ ಡೇಟಾ ಸೆಂಟರ್‌ಗಳಿಗೆ ಬೇಕಾದ ಮೆಮೊರಿಯಲ್ಲಿ ಲಾಭ ಹೆಚ್ಚು ಅಂತ ಚಿಪ್ ಮಾಡುವ ಕಂಪನಿಗಳು ಆ ಕಡೆ ವಾಲಿದವು. ಮೈಕ್ರಾನ್ ಅಂತೂ 2025ರ ಡಿಸೆಂಬರ್‌ನಲ್ಲಿ ನಮ್ಮಂಥ ಗ್ರಾಹಕರಿಗೆ ಮಾರುತ್ತಿದ್ದ ಕ್ರೂಷಿಯಲ್ ಬ್ರ್ಯಾಂಡನ್ನೇ ನಿಲ್ಲಿಸುವುದಾಗಿ ಹೇಳಿಬಿಟ್ಟಿತು. ಎಲ್ಲೋ ಅಮೆರಿಕದಲ್ಲಿ ಕಟ್ಟುವ ಡೇಟಾ ಸೆಂಟರ್‌ಗೆ ನಮ್ಮ ವಿದ್ಯಾನಗರದ ಹುಡುಗ ದುಡ್ಡು ಕಟ್ಟಬೇಕಾಗಿದೆ, ನನಗೆ ಇದು ನಿಜಕ್ಕೂ ಬೇಜಾರಿನ ಸಂಗತಿ. ಹಾಗಾಗಿ ಈಗ ಸುಮ್ನೆ "ಇರಲಿ" ಅಂತ 32 ಜಿಬಿ ತುಂಬಿಸುವ ಕಾಲ ಅಲ್ಲ. ಹಳೇ ಡಿಡಿಆರ್3 ಬೇಕಾದವರು ಸೆಕೆಂಡ್ ಹ್ಯಾಂಡ್ ತಗೊಂಡರೂ ತೊಂದರೆ ಇಲ್ಲ. ರ್‍ಯಾಮ್‌ನಲ್ಲಿ ತಿರುಗುವ, ಸವೆಯುವ ಭಾಗ ಇಲ್ಲ. ಹಾಕಿ, ಮೆಮ್‌ಟೆಸ್ಟ್ ಅನ್ನೋ ತಪಾಸಣೆ ಸಾಫ್ಟ್‌ವೇರ್ ಓಡಿಸಿ, ಒಂದೂ ತಪ್ಪು ಬರದಿದ್ದರೆ ಮಾತ್ರ ಇಟ್ಟುಕೊಳ್ಳುತ್ತೇನೆ ಅಂತ ಅಂಗಡಿಯಲ್ಲಿ ಮೊದಲೇ ಮಾತಾಡಿಕೊಳ್ಳಿ. ಎಸ್‌ಎಸ್‌ಡಿ ಮಾತ್ರ ಸೆಕೆಂಡ್ ಹ್ಯಾಂಡ್ ಬೇಡ. ಅದು ಬರೆದಷ್ಟೂ ಸವೆಯುತ್ತದೆ.

ನಮ್ಮ ಊರಿನ ಬಿಸಿಲು, ಧೂಳಿನ ಬಗ್ಗೆ ಯಾರೂ ಹೇಳುವುದಿಲ್ಲ. ಏಪ್ರಿಲ್, ಮೇನಲ್ಲಿ ಇಲ್ಲಿ 38, 39 ಡಿಗ್ರಿ ಸಾಮಾನ್ಯ. ಕೋಣೆಯೇ ಅಷ್ಟು ಕಾದಿರುವಾಗ ಕ್ಯಾಬಿನೆಟ್ ಒಳಗೆ ಹೇಗಿರಬೇಡ? ಪ್ರೊಸೆಸರ್ ತುಂಬ ಬಿಸಿಯಾದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಬೆಳಿಗ್ಗೆ ಚೆನ್ನಾಗಿದ್ದು ಮಧ್ಯಾಹ್ನ ಸ್ಲೋ ಆಗುತ್ತದೆ ಅನ್ನುವ ಕಂಪ್ಯೂಟರ್‌ಗಳ ಕಥೆ ಎಷ್ಟೋ ಸಲ ಇದೇ. ಮಂಡಕ್ಕಿ ಭಟ್ಟಿ ಹತ್ತಿರದ ಮನೆಗಳಲ್ಲಿ ಧೂಳಿನ ಜೊತೆ ಹೊಗೆಯ ಮಸಿಯೂ ಸೇರಿ ಫ್ಯಾನ್ ರೆಕ್ಕೆಗೆ ಅಂಟಿಕೊಂಡಿರುತ್ತದೆ, ಬಟ್ಟೆಯಲ್ಲಿ ಒರೆಸಿದರೂ ಬರುವುದಿಲ್ಲ. ಪ್ಲಗ್ ಕಿತ್ತು, ಕ್ಯಾಬಿನೆಟ್ ಹೊರಗೆ ತಂದು, ಫ್ಯಾನ್ ತಿರುಗದ ಹಾಗೆ ಬೆರಳಲ್ಲಿ ಹಿಡಿದು ಬ್ಲೋಯರ್ ಹೊಡೆಯಿರಿ. ನಾಲ್ಕೈದು ವರ್ಷ ಆಗಿದ್ದರೆ ಪ್ರೊಸೆಸರ್ ಮೇಲಿನ ಪೇಸ್ಟ್ ಒಣಗಿರುತ್ತದೆ, ತೆಗೆದು ಹೊಸದು ಹಚ್ಚಿಸಿ. ತಾರೀಖು ದಿನಾ ತಪ್ಪುತ್ತಿದ್ದರೆ ಬೋರ್ಡಿನ ಮೇಲಿನ ಗುಂಡು ಸೆಲ್ ಹೋಗಿದೆ, ಸಿಆರ್2032 ಅಂತ ಕೇಳಿದರೆ ವಾಚ್ ಅಂಗಡಿಯಲ್ಲೂ ಕೊಡುತ್ತಾರೆ. ಇಷ್ಟು ಚಿಲ್ಲರೆ ಖರ್ಚಿನ ಕೆಲಸ ಮಾಡದೆ ಸಾವಿರಗಟ್ಟಲೆ ಸುರಿಯುವುದು ಯಾವ ನ್ಯಾಯ?

ಕರೆಂಟಿನ ವಿಷಯ ಇನ್ನೂ ಗಂಭೀರ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುವಾಗ ಪೆಟ್ಟು ತಿನ್ನುವುದು ಎಸ್‌ಎಂಪಿಎಸ್, ಅಂದರೆ ಒಳಗಿನ ಪಾರ್ಟ್ಸ್‌ಗೆಲ್ಲ ಕರೆಂಟ್ ಹಂಚುವ ಡಬ್ಬ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ, ಮೇಲೆ ದೊಡ್ಡದಾಗಿ 450 ವ್ಯಾಟ್ ಅಂತ ಬರೆದ ಎಸ್‌ಎಂಪಿಎಸ್‌ಗಳನ್ನು ಎತ್ತಿ ನೋಡಿ, ಹತ್ತಿ ಮೂಟೆಯಷ್ಟು ಹಗುರ. ಅದರ ಮೇಲೆ ಹೊಸ ಪಾರ್ಟ್ಸ್ ಹಾಕಬೇಡಿ. 80 ಪ್ಲಸ್ (ಕರೆಂಟ್ ಕಡಿಮೆ ವ್ಯರ್ಥ ಮಾಡುತ್ತದೆ ಅನ್ನುವ) ಗುರುತಿರುವ ಒಂದನ್ನು ತಗೊಂಡರೆ ಮುಂದಿನ ಕಂಪ್ಯೂಟರ್‌ಗೂ ಆಗುತ್ತದೆ. ಯುಪಿಎಸ್ ಬ್ಯಾಕಪ್ ಕೊಡುತ್ತಿಲ್ಲ ಅಂದರೆ ಪೂರ್ತಿ ಯುಪಿಎಸ್ ಬದಲಿಸಬೇಕಿಲ್ಲ, ಒಳಗಿನ 12 ವೋಲ್ಟ್ 7 ಎಎಚ್ ಬ್ಯಾಟರಿ ಹಾಕಿಸಿದರೆ ಸಾಕು. ಗೋಡೆಯ ಪ್ಲಗ್ಗಿನಲ್ಲಿ ಅರ್ತಿಂಗ್ ಇದೆಯಾ ಅಂತ ಒಮ್ಮೆ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಹಳೇ ಊರಿನ ಎಷ್ಟೋ ಮನೆಗಳಲ್ಲಿ ಮೂರನೇ ತೂತು ಬರೀ ತೂತು.

ಈಗ ಬೇರೆ ಪ್ರಶ್ನೆ. ಯಾವ ಕಂಪ್ಯೂಟರ್‌ಗೆ ದುಡ್ಡು ಹಾಕಬಾರದು?

ಇಂಟೆಲ್‌ನವಾದರೆ ನಾನು 8ನೇ ಜನರೇಷನ್ ಹತ್ತಿರ ಗೆರೆ ಎಳೆಯುತ್ತೇನೆ, ಅದಕ್ಕಿಂತ ಹಳೇದಕ್ಕೆ ಮೇಲೆ ಹೇಳಿದಂಥ ಸಣ್ಣ ಖರ್ಚು ಬಿಟ್ಟು ದೊಡ್ಡದೇನೂ ಹಾಕುವುದಿಲ್ಲ. ಎರಡು ಕಾರಣ. ಡೆಸ್ಕ್‌ಟಾಪ್ ಐ3ಗಳಲ್ಲಿ 7ನೇ ಜನರೇಷನ್ ತನಕ ಎರಡೇ ಕೋರ್ (ಒಟ್ಟೊಟ್ಟಿಗೆ ಲೆಕ್ಕ ಮಾಡುವ ಭಾಗ) ಇದ್ದವು, 2017ರ ಕೊನೆಗೆ ಬಂದ 8ನೇ ಜನರೇಷನ್‌ನಲ್ಲಿ ಅದು ನಾಲ್ಕಾಯಿತು, ಐ5 ಆರಾಯಿತು. ಅದು ದೊಡ್ಡ ನೆಗೆತ. ಎರಡನೆಯದು ವಿಂಡೋಸ್ 11. ಮೈಕ್ರೋಸಾಫ್ಟ್ ಪಟ್ಟಿಯಲ್ಲಿ 8ನೇ ಜನರೇಷನ್‌ಗಿಂತ ಹಿಂದಿನ ಮಾಮೂಲಿ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಇಲ್ಲ, ಜೊತೆಗೆ ಟಿಪಿಎಂ 2.0 ಅನ್ನುವ ಸೆಕ್ಯುರಿಟಿ ಸೌಲಭ್ಯ ಬೇಕು ಅನ್ನುತ್ತಾರೆ. ವಿಂಡೋಸ್ 10ಕ್ಕೆ ಮಾಮೂಲಿ ಸೆಕ್ಯುರಿಟಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಮನೆಯವರಿಗೆ ಅಂತ ಕೊಟ್ಟಿರುವ ಇಎಸ್‌ಯು, ಅಂದರೆ ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟ್, ಅವಧಿ 2026ರ ಅಕ್ಟೋಬರ್ 13ಕ್ಕೆ ಮುಗಿಯುತ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. 8, 9ನೇ ಜನರೇಷನ್ ಇಟ್ಟುಕೊಂಡವರಿಗೂ "ನಿಮ್ಮ ಬೋರ್ಡು ವಿಂಡೋಸ್ 11 ತಗೊಳ್ಳಲ್ಲ" ಅಂತ ಹೇಳಿ ಹೊಸದು ಮಾರುವುದನ್ನು ನೋಡಿದ್ದೇನೆ. ಎಷ್ಟೋ ಬೋರ್ಡ್‌ಗಳಲ್ಲಿ ಟಿಪಿಎಂ ಇರುತ್ತದೆ, ಬಯೋಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್ಸ್ ಪರದೆಯಲ್ಲಿ) ಆಫ್ ಆಗಿರುತ್ತದೆ ಅಷ್ಟೇ. ಇಂಟೆಲ್ ಬೋರ್ಡಿನಲ್ಲಿ ಪಿಟಿಟಿ ಅಂತ, ಎಎಂಡಿ ಬೋರ್ಡಿನಲ್ಲಿ ಎಫ್‌ಟಿಪಿಎಂ ಅಂತ ಹೆಸರು ಹುಡುಕಿ ಆನ್ ಮಾಡಿ. ಆಮೇಲೆ ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಓಡಿಸಿ ನೋಡಿ. ಪುಕ್ಕಟೆ ಆಗುವ ಕೆಲಸಕ್ಕೆ ಯಾರೋ ಹೊಲ ಉತ್ತು ದುಡಿದ ದುಡ್ಡು ಹೋಗಬಾರದು ಅನ್ನುವುದು ನನ್ನ ಹಟ.

ಹಳೇದನ್ನು ಹೊಸ ಪ್ರೊಸೆಸರ್‌ನಿಂದ ಎಬ್ಬಿಸುತ್ತೇನೆ ಅನ್ನುವವರು ಸಾಕೆಟ್, ಅಂದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗದ ಲೆಕ್ಕ ತಿಳಿದುಕೊಳ್ಳಬೇಕು. ಇಂಟೆಲ್ ಒಂದೆರಡು ಜನರೇಷನ್‌ಗೊಮ್ಮೆ ಬೋರ್ಡ್ ಬದಲಿಸುವ ಹಾಗೆ ಮಾಡುತ್ತದೆ. 6, 7ನೇ ಜನರೇಷನ್ನಿನದೂ ಎಲ್‌ಜಿಎ 1151, 8, 9ರದ್ದೂ ಎಲ್‌ಜಿಎ 1151, ಹೆಸರು ಒಂದೇ ಆದರೂ ಒಂದರ ಬೋರ್ಡಿನಲ್ಲಿ ಇನ್ನೊಂದು ಕೆಲಸ ಮಾಡುವುದಿಲ್ಲ. 4ನೇ ಜನರೇಷನ್ ಐ3 ತೆಗೆದು ಅದೇ ಜನರೇಷನ್ನಿನ ಹಳೇ ಐ7 ಹುಡುಕಿ ಹಾಕುವುದಕ್ಕಿಂತ ಆ ದುಡ್ಡು ಕೂಡಿಡಿ. ಎಎಂಡಿಯ ಎಎಂ4 ಸಾಕೆಟ್ ಇದ್ದವರು ಮಾತ್ರ ಪುಣ್ಯವಂತರು. 2017ರಲ್ಲಿ ರೈಜನ್ 1000 ಸರಣಿ ಹಾಕಿಕೊಂಡ ಎಷ್ಟೋ ಬೋರ್ಡ್‌ಗಳಿಗೆ ಬಯೋಸ್ ಅಪ್‌ಡೇಟ್ ಮಾಡಿ 5000 ಸರಣಿಯನ್ನು ಕೂರಿಸಬಹುದು, ಬೋರ್ಡೂ ಅದೇ, ರ್‍ಯಾಮೂ ಅದೇ. ಮೊದಲು ಬೋರ್ಡ್ ಕಂಪನಿಯ ಸೈಟಿನಲ್ಲಿ ನಿಮ್ಮ ಮಾಡೆಲ್‌ಗೆ ಯಾವ ಪ್ರೊಸೆಸರ್ ಹಿಡಿಯುತ್ತದೆ ಅನ್ನುವ ಪಟ್ಟಿ ನೋಡಿ. ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ರೈಜನ್ 5600 ಬೇಡ, 5600ಜಿ ತಗೊಳ್ಳಿ. ಮೊದಲನೆಯದರಲ್ಲಿ ಪರದೆಗೆ ಚಿತ್ರ ಕೊಡುವ ಭಾಗವೇ ಇಲ್ಲ.

ಗ್ರಾಫಿಕ್ಸ್ ಕಾರ್ಡ್ ಬಗ್ಗೆ ಬೇರೆ ಹೇಳುವುದೇನಿಲ್ಲ. ಗೇಮ್ ಇಲ್ಲ, ತ್ರೀಡಿ ಕೆಲಸ ಇಲ್ಲ ಅಂದರೆ ಬೇಡ.

ವಿಂಡೋಸ್ 11 ಹಿಡಿಯದ, ಆದರೆ ಗಟ್ಟಿಯಾಗಿರುವ ಕಂಪ್ಯೂಟರ್‌ಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಬಹುದು. ಬ್ರೌಸರ್, ಪಾಠ, ಲಿಬ್ರೆ ಆಫೀಸ್, ಯೂನಿಕೋಡ್ ಕನ್ನಡ ಟೈಪಿಂಗ್, ಪ್ರಿಂಟ್, ಇಷ್ಟಕ್ಕೆ ಅದು ಧಾರಾಳ ಸಾಕು, ಕಾಸೂ ಇಲ್ಲ. ಕಗಪ ಕೀಲಿಮಣೆಯೂ ಸಿಗುತ್ತದೆ, ನುಡಿಯಲ್ಲಿ ಕೈ ಕೂತವರಿಗೆ ತೊಂದರೆಯಿಲ್ಲ. ಆದರೆ ಮಂಡಿಪೇಟೆ ಕಡೆಯ ವ್ಯಾಪಾರಸ್ಥರಿಗೆ ಟ್ಯಾಲಿ ಬೇಕೇ ಬೇಕು, ಅದು ವಿಂಡೋಸ್‌ನದು. ಡಿಟಿಪಿ ಮಾಡುವವರ ಹಳೇ ನುಡಿ ಫಾಂಟಿನ ಫೈಲ್‌ಗಳು, ಪೇಜ್‌ಮೇಕರ್ ಎಲ್ಲವೂ ವಿಂಡೋಸ್‌ನಲ್ಲೇ ನೆಲೆಗೊಂಡಿವೆ. ಅಂಥವರಿಗೆ ನಾನು ಲಿನಕ್ಸ್ ಹೇಳುವುದಿಲ್ಲ. ತಪಾಸಣೆ ತಪ್ಪಿಸಿ ಹಳೇ ಕಂಪ್ಯೂಟರ್‌ಗೆ ವಿಂಡೋಸ್ 11 ತುರುಕುವ ದಾರಿಯೂ ಇದೆ. ಬ್ಯಾಂಕ್, ಜಿಎಸ್‌ಟಿ ಕೆಲಸ ನಡೆಯುವ ಕಂಪ್ಯೂಟರ್‌ಗೆ ಹಾಗೆ ಮಾಡಬೇಡಿ, ಯಾವತ್ತು ಯಾವ ಅಪ್‌ಡೇಟ್ ಕೈ ಕೊಡುತ್ತದೋ ಗೊತ್ತಾಗುವುದಿಲ್ಲ.

ಹಾಗಾದರೆ ಯಾವಾಗ ಬೇರೆ ಕಂಪ್ಯೂಟರ್ ತಗೋಬೇಕು? ನನ್ನ ಲೆಕ್ಕ ಒರಟಾಗಿದೆ, ಆದರೆ ನಡೆಯುತ್ತದೆ. ಹಳೇದಕ್ಕೆ ಹಾಕುವ ದುಡ್ಡು, ಅದೇ ಕೆಲಸ ಚೆನ್ನಾಗಿ ಮಾಡುವ ಇನ್ನೊಂದು ಕಂಪ್ಯೂಟರ್‌ನ ಬೆಲೆಯಲ್ಲಿ ಮೂರನೇ ಒಂದು ಭಾಗ ದಾಟಿತೆಂದರೆ ನಿಲ್ಲಿಸಿ. ಬೋರ್ಡು ಹೋದರೆ ಸಾಮಾನ್ಯವಾಗಿ ಅದು ದಾಟಿಬಿಡುತ್ತದೆ. ಯಾಕೆಂದರೆ ಬೋರ್ಡಿನ ಹಿಂದೆ ಪ್ರೊಸೆಸರ್, ಪ್ರೊಸೆಸರ್ ಹಿಂದೆ ರ್‍ಯಾಮ್ ಅಂತ ಸಾಲು ಸಾಲಾಗಿ ಬರುತ್ತವೆ.

ಬೇರೆಯದು ಅಂದ ತಕ್ಷಣ ಹೊಚ್ಚ ಹೊಸದೇ ಆಗಬೇಕಿಲ್ಲ. ಬೆಂಗಳೂರಿನ ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ಒಟ್ಟಿಗೆ ಹೊರಗೆ ಹಾಕುವ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಪ್ರೋಡೆಸ್ಕ್, ಲೆನೊವೊ ಥಿಂಕ್‌ಸೆಂಟರ್‌ಗಳು ರಿಫರ್ಬಿಷ್ಡ್ (ಸರಿಮಾಡಿ ಮತ್ತೆ ಮಾರುವ ಹಳೇದು) ಅಂತ ಸಿಗುತ್ತವೆ. ಎಸಿ ಕೋಣೆಯಲ್ಲಿ ಇದ್ದವು, ಕಟ್ಟಿದ ರೀತಿ ಗಟ್ಟಿ, ಎಷ್ಟೋ ಸಲ ವಿಂಡೋಸ್ ಲೈಸೆನ್ಸ್ ಕೂಡ ಜೊತೆಗೇ ಇರುತ್ತದೆ. 8ನೇ ಜನರೇಷನ್ ಅಥವಾ ಅದಕ್ಕಿಂತ ಮೇಲಿನ ಐ5 ಆಗಿರಲಿ. ರ್‍ಯಾಮ್ ದುಬಾರಿ ಆಗಿರುವ ಈ ಹೊತ್ತಿನಲ್ಲಿ ಒಳಗೆ 16 ಜಿಬಿ ಇರುವುದನ್ನೇ ಹುಡುಕಿ, ಆಮೇಲೆ ಸೇರಿಸೋಣ ಅಂದರೆ ಜಾಸ್ತಿ ಬೀಳುತ್ತದೆ. ತೆಳ್ಳಗಿನ ಡಬ್ಬ ನೋಡೋಕೆ ಚೆಂದ, ಆದರೆ ಅದರ ಎಸ್‌ಎಂಪಿಎಸ್ ಅದಕ್ಕೇ ಮಾಡಿದ್ದು, ಹೋದರೆ ದಾವಣಗೆರೆಯಲ್ಲಿ ಸಿಗುವುದು ಕಷ್ಟ, ದೊಡ್ಡ ಕಾರ್ಡೂ ಕೂರುವುದಿಲ್ಲ. ಜಾಗ ಇದ್ದರೆ ಟವರ್ ತಗೊಳ್ಳಿ.

ಬೆಂಗಳೂರಿನ ಎಸ್‌.ಪಿ. ರೋಡಿಗೆ ಹೋದರೆ ಅಗ್ಗ ಅನ್ನುತ್ತಾರೆ. ನಿಜ, ಪೂರ್ತಿ ಸೆಟ್ ತಗೊಳ್ಳುವುದಾದರೆ ಬೆಳಿಗ್ಗೆ ಟ್ರೇನ್ ಹತ್ತಿ ರಾತ್ರಿ ವಾಪಸ್ ಬರಬಹುದು, ಉಳಿತಾಯ ಆಗುತ್ತದೆ. ಒಂದು ಎಸ್‌ಎಸ್‌ಡಿ, ಒಂದು ರ್‍ಯಾಮ್ ಕಡ್ಡಿಗೆ ಹೋದರೆ ಟಿಕೆಟ್, ಊಟದಲ್ಲೇ ಉಳಿತಾಯ ಕರಗುತ್ತದೆ. ಅಂಥವನ್ನು ಊರಲ್ಲೇ ತಗೊಳ್ಳಿ, ಕೆಟ್ಟರೆ ಸಂಜೆ ಹೋಗಿ ಕೇಳಬಹುದು. ಎಲ್ಲೇ ತಗೊಂಡರೂ ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ಬೇಕು. "ಬಿಲ್ ಬೇಡ ಅಂದ್ರೆ 18 ಪರ್ಸೆಂಟ್ ಕಡಿಮೆ ಮಾಡ್ತೀನಿ ಸರ್" ಅನ್ನುವ ಮಾತಿಗೆ ಒಪ್ಪಿದರೆ ವಾರಂಟಿಯೂ ಹೋಯಿತು ಅಂತಲೇ ಲೆಕ್ಕ. ಮಾನಿಟರ್, ಕೀಬೋರ್ಡ್, ಯುಪಿಎಸ್ ಹಳೇದೇ ಇರಲಿ, ಅವು ಸ್ಲೋ ಆಗುವುದಿಲ್ಲ. ಹಳೇ ಮಾನಿಟರ್‌ನಲ್ಲಿ ವಿಜಿಎ ಮಾತ್ರ ಇದ್ದರೆ ಹೊಸ ಡಬ್ಬದಲ್ಲಿ ಯಾವ ಪೋರ್ಟ್ ಇದೆ ನೋಡಿ ಕನ್ವರ್ಟರ್ ತಗೊಳ್ಳಿ.

ಮಕ್ಕಳ ಓದಿಗೆ ಅಂತ ಕೊಳ್ಳುವವರಿಗೆ ಇನ್ನೊಂದು ಮಾತು. ಸೀಟು ಖಚಿತ ಆಗುವ ಮುಂಚೆ ಏನೂ ತಗೋಬೇಡಿ. ಬಿಐಇಟಿಗೋ ಯುಬಿಡಿಟಿಗೋ, ನಮ್ಮೂರಿನ ಇಂಜಿನಿಯರಿಂಗ್ ಕಾಲೇಜಿಗೆ ಸೇರುವ ಹುಡುಗಿ ಯಾವ ಬ್ರಾಂಚ್ ಅನ್ನುವುದರ ಮೇಲೆ ಬೇಕಾಗುವುದು ಬದಲಾಗುತ್ತದೆ. ಕೋಡ್ ಬರೆಯೋಕೆ ಸಾಧಾರಣ ಕಂಪ್ಯೂಟರ್ ಸಾಕು, ಸಿವಿಲ್, ಮೆಕ್ಯಾನಿಕಲ್‌ನ ಡ್ರಾಯಿಂಗ್ ಸಾಫ್ಟ್‌ವೇರ್‌ಗಳಿಗೆ ರ್‍ಯಾಮ್ ಜಾಸ್ತಿ ಬೇಕು, ಹಾಸ್ಟೆಲ್ ಆದರೆ ಡೆಸ್ಕ್‌ಟಾಪ್ ಮಾತೇ ಇಲ್ಲ. ಮೊದಲ ಸೆಮಿಸ್ಟರ್ ಮನೆಯ ಹಳೇದಕ್ಕೆ ಎಸ್‌ಎಸ್‌ಡಿ ಹಾಕಿ ಓಡಿಸಿ. ಸೀನಿಯರ್‌ಗಳನ್ನು ಕೇಳಿ, ಲ್ಯಾಬ್‌ನಲ್ಲಿ ಏನು ಬಳಸುತ್ತಾರೆ ನೋಡಿ, ಆಮೇಲೆ ನಿರ್ಧಾರ ಮಾಡಿ. ಐದು ವರ್ಷಕ್ಕೆ ಆಗಲಿ ಅಂತ ಇವತ್ತೇ ದುಬಾರಿಯದು ತಗೊಂಡರೆ, ಮೂರನೇ ವರ್ಷಕ್ಕೆ ಅದೇ ಶಕ್ತಿಯದು ಕಡಿಮೆ ಬೆಲೆಗೆ ಬಂದಿರುವುದನ್ನು ಇಷ್ಟು ವರ್ಷದಲ್ಲಿ ಬೇಕಾದಷ್ಟು ನೋಡಿದ್ದೇವೆ, ಅಲ್ವಾ?

ಹಳೇದನ್ನು ಮಾರುವಾಗ, ಯಾರಿಗಾದರೂ ಕೊಡುವಾಗ ಒಳಗಿನ ಡಿಸ್ಕ್ ತೆಗೆದಿಟ್ಟುಕೊಳ್ಳಿ. ಅದರಲ್ಲಿ ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್ ಸ್ಕ್ಯಾನ್ ಎಲ್ಲ ಇರುತ್ತವೆ, ಬರೀ ಡಿಲೀಟ್ ಮಾಡಿದರೆ ತಿಳಿದವರು ವಾಪಸ್ ತೆಗೆಯುತ್ತಾರೆ. ಅಕ್ಕನ ಮನೆಯ ಕಂಪ್ಯೂಟರ್‌ನಲ್ಲಿ ಸದ್ಯಕ್ಕೆ ವಿಂಡೋಸ್ 10ನ್ನೇ ಇಎಸ್‌ಯುಗೆ ಸೇರಿಸಿ ಓಡಿಸುತ್ತಿದ್ದೇವೆ. ಅಕ್ಟೋಬರ್ ಹತ್ತಿರ ಬಂದಾಗ ಅದಕ್ಕೆ ಮಿಂಟ್ ಹಾಕುವುದು, ಭಾವನ ಟ್ಯಾಲಿ ಬಿಲ್ಲಿಗೆ ಮಾತ್ರ ಒಂದು ರಿಫರ್ಬಿಷ್ಡ್ ಟವರ್ ತರುವುದು ಅಂತ ಮಾತಾಗಿದೆ. ಅಷ್ಟರೊಳಗೆ ರ್‍ಯಾಮ್ ಬೆಲೆ ಇಳಿದರೆ ಮಗಳ ಬ್ರಾಂಚ್ ನೋಡಿಕೊಂಡು ಆ ಟವರ್‌ಗೇ ಇನ್ನೊಂದು ಕಡ್ಡಿ ಸೇರಿಸುತ್ತೇವೆ.